ತುಕ್ಕಿನ ಮೇಲೆ ಬಣ್ಣ ನಿಲ್ಲದು

2023ರ ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಅಂಗಳದಲ್ಲಿ ನಿಂತಿದ್ದ ಜೀಪನ್ನು ಕಂಡು ನನಗೆ ಗುರುತೇ ಹತ್ತಲಿಲ್ಲ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಮುಂಭಾಗದ ಏಳು ಸೀಳುಗಳ ಜಾಲರಿ, ಎತ್ತರದ ಬಾನೆಟ್, ದುಂಡನೆಯ ಎರಡು ದೀಪಗಳು ಎಲ್ಲವೂ ನಾನು ಚಿಕ್ಕವಳಿದ್ದಾಗ ಕಂಡಂತೆಯೇ ಇದ್ದವು. ಹದಿಮೂರು ವರ್ಷ ಹುಣಸೆ ಮರದ ಕೆಳಗೆ ಕೋಳಿಗಳ ಗೂಡಾಗಿ ನಿಂತಿದ್ದ ನಮ್ಮ ಅಬ್ಬಾರ ಜೀಪು ಇದೇನಾ ಎಂದು ಕೈಯಿಂದ ಸವರಿ ನೋಡಿದೆ. ಕಣ್ಣು ತುಂಬಿ ಬಂತು.

ಅದೇ ರಾತ್ರಿ ಊಟವಾದ ಮೇಲೆ ಸಣ್ಣ ತಮ್ಮ ಒಂದು ಕಾಗದ ತಂದು ನನ್ನ ಮುಂದಿಟ್ಟ. "ಆಪಾ, ಇಲ್ಲೊಂದು ಸಹಿ ಹಾಕು" ಅಂದ. ನಾನು ಪೆನ್ನು ಕೈಗೆ ತೆಗೆದುಕೊಂಡೆ. ಈ ತಿಂಗಳ ಮಾತು ಆ ಜೀಪಿನ ಬಗ್ಗೆ ಮತ್ತು ಆ ಸಹಿಯ ಬಗ್ಗೆ.

ನಮ್ಮ ಊರು ಕಲಘಟಗಿ ತಾಲೂಕಿನ ದೇವಿಕೊಪ್ಪ. ಧಾರವಾಡ ಜಿಲ್ಲೆಯವರೆಂದರೆ ಬಯಲುಸೀಮೆಯವರು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ನಮ್ಮದು ಕಾಡಿನ ಸೆರಗಿನ ಊರು. ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಹೊಲದ ದಾರಿಗಳು ಗದ್ದೆಯಂತಾಗುತ್ತಿದ್ದವು. ಅಂಥ ದಿನಗಳಲ್ಲಿ ಕೆಸರಿನಿಂದ ಹೊರಬರುತ್ತಿದ್ದ ಬಂಡಿ ಇದೊಂದೇ. ಅಬ್ಬಾ 1984ರಲ್ಲಿ ಇದನ್ನು ಹಳೆಯದಾಗಿಯೇ ಕೊಂಡರು. ಅದು 1971ರ ಮಾಡೆಲ್. ಗೇರಿನ ಪಕ್ಕದಲ್ಲಿದ್ದ ಸಣ್ಣ ಹಿಡಿಕೆಯನ್ನು ಎಳೆದರೆ ಹಿಂದಿನ ಎರಡು ಚಕ್ರಗಳ ಜೊತೆ ಮುಂದಿನ ಎರಡಕ್ಕೂ ಇಂಜಿನಿನ ಬಲ ಹೋಗುತ್ತಿತ್ತು. ಸಂತೆಗೆ ಕಾಳುಕಡಿ ಒಯ್ದದ್ದೂ ಇದರಲ್ಲೇ, ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಕ್ಕಳನ್ನು ಕಲಘಟಗಿಯ ಆಸ್ಪತ್ರೆಗೆ ಮುಟ್ಟಿಸಿದ್ದೂ ಇದರಲ್ಲೇ. ಜಾತಿ ಕೇಳಿ ಹತ್ತಿಸಿಕೊಂಡದ್ದಿಲ್ಲ. ಬಾಡಿಗೆ ಕೇಳಿದ್ದೂ ಕಡಿಮೆ. ನನ್ನ ತಂಗಿ ಹುಟ್ಟುವಾಗ ಅಮ್ಮೀ ಹೋದದ್ದೂ ಇದರ ಹಿಂದಿನ ಸೀಟಿನಲ್ಲಿ ಕುಳಿತೇ.

ಈ ಬಂಡಿಯ ವಂಶದ ಕಥೆಯೂ ಕೇಳುವಂಥದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅದೇ ಬಂಡಿ ರೈತರ ಹೊಲಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಇದನ್ನು ಜೋಡಿಸಲು ತೊಡಗಿದ ಕಂಪೆನಿ 1945ರಲ್ಲಿ ಲುಧಿಯಾನದಲ್ಲಿ ಹುಟ್ಟಿದಾಗ ಅದರ ಹೆಸರು 'ಮಹೀಂದ್ರಾ ಅಂಡ್ ಮುಹಮ್ಮದ್' ಎಂದಿತ್ತು. ಮಹೀಂದ್ರಾ ಸಹೋದರರ ಜೊತೆಗಿದ್ದ ಪಾಲುದಾರ ಮಲಿಕ್ ಗುಲಾಮ್ ಮುಹಮ್ಮದ್. 1947ರಲ್ಲಿ ದೇಶ ಇಬ್ಭಾಗವಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದ ಕಂಪೆನಿ 1948ರಲ್ಲಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ದೇಶ ಬೇರೆಯಾದರೂ ಕಂಪೆನಿ ಬೇರೆಯಾದರೂ ಲೆಕ್ಕ ಚುಕ್ತಾ ಮಾಡಿಕೊಳ್ಳಲೇಬೇಕಲ್ಲ. ಮನೆಯೊಳಗಿನ ಪಾಲಿನ ಮಾತಿಗೆ ಬಂದಾಗ ಮಾತ್ರ ನಾವು ಲೆಕ್ಕ ಎಂದರೆ ಅವಮಾನ ಎಂದುಕೊಳ್ಳುತ್ತೇವೆ.

2010ರಲ್ಲಿ ಅಬ್ಬಾ ತೀರಿಕೊಂಡರು. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ. ದೊಡ್ಡ ತಮ್ಮನಿಗೆ ಹುಬ್ಬಳ್ಳಿಯಲ್ಲಿ ನೌಕರಿ. ಸಣ್ಣ ತಮ್ಮ ಹೊಲ ನೋಡಿಕೊಂಡು ಅಮ್ಮೀ ಜೊತೆಗೆ ಉಳಿದ. ಜೀಪು ಹುಣಸೆ ಮರದ ಕೆಳಗೆ ನಿಂತಿತು. ಮೊದಲು ಟೈರುಗಳು ಕೂತವು. ಇಲಿಗಳು ವೈರು ಕಡಿದವು. ಮೇಲಿನ ಹೊದಿಕೆ ಹರಿದು ಮಳೆ ನೀರು ಒಳಗೆ ನಿಂತು, ತಳದ ತಗಡು ಹಪ್ಪಳದಂತೆ ಪುಡಿಯಾಗತೊಡಗಿತು. 2022ರಲ್ಲಿ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ 24,000 ರೂಪಾಯಿಗೆ ಕೇಳಿದ. ದೊಡ್ಡ ತಮ್ಮ ಕೊಟ್ಟುಬಿಡೋಣ ಎಂದ. ಸಣ್ಣವನು ಒಪ್ಪಲಿಲ್ಲ. "ಅಬ್ಬಾನ ಜೀಪು ತೂಕಕ್ಕೆ ಹಾಕೂದಿಲ್ಲ. ನಾ ರಿಪೇರಿ ಮಾಡಸ್ತೀನಿ" ಎಂದು ಹಟ ಹಿಡಿದ.

ಅವನು ಕರೆತಂದದ್ದು ಅಬ್ಬಾರ ಕಾಲದಲ್ಲಿ ಇದೇ ಜೀಪಿಗೆ ಕೈ ಹಾಕಿದ್ದ ಒಬ್ಬ ಮುದಿ ಮಿಸ್ತ್ರಿಯನ್ನು. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು. ಅವರು ಮೊದಲ ದಿನ ಪಾನಾ ಹಿಡಿಯಲೇ ಇಲ್ಲವಂತೆ. ಕೈಯಲ್ಲೊಂದು ಸಣ್ಣ ಸುತ್ತಿಗೆ, ಇನ್ನೊಂದರಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಇಡೀ ಜೀಪನ್ನು ಬಡಿದು ಚುಚ್ಚಿ ನೋಡಿದರಂತೆ. ಗಟ್ಟಿ ಕಬ್ಬಿಣ ಗಂಟೆಯಂತೆ ಸದ್ದು ಮಾಡುತ್ತದೆ. ತುಕ್ಕು ತಿಂದದ್ದು ಬೊದ್ದಾಗಿ ಕೇಳುತ್ತದೆ. ತುಕ್ಕಿಗೆ ನಮ್ಮ ಕಡೆ ಜಂಗು ಎನ್ನುತ್ತಾರೆ. "ಮ್ಯಾಲೆ ಕಾಣೂ ಜಂಗಿಗೆ ಹೆದರಬ್ಯಾಡ್ರಿ. ಬಣ್ಣದ ಕೆಳಗ ಅಡಗಿದ್ದಕ್ಕ ಹೆದರ್ರಿ" ಎಂಬುದು ಅವರ ಮಾತು. ಬ್ಯಾಟರಿ ಇಡುವ ತಟ್ಟೆ, ಗಾಜಿನ ಚೌಕಟ್ಟಿನ ಬುಡ, ಚಕ್ರದ ಮೇಲಿನ ಕಮಾನು, ಚಾಸಿಯ ಒಳಬದಿ ಇವು ತುಕ್ಕು ಅಡಗುವ ಜಾಗಗಳು. ಚಾಸಿ ಗಟ್ಟಿ ಇದ್ದರೆ ಜೀಪು ಉಳಿಯುತ್ತದೆ, ಚಾಸಿ ಹೋದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮ ಪುಣ್ಯಕ್ಕೆ ಚಾಸಿ ಗಟ್ಟಿಯಿತ್ತು.

ಇಂಜಿನ್ ಜಾಮ್ ಆಗಿತ್ತು. ಹಾಗೆ ಜಾಮ್ ಆದ ಇಂಜಿನಿಗೆ ಬ್ಯಾಟರಿ ಹಚ್ಚಿ ಸ್ಟಾರ್ಟರ್ ಒತ್ತಿದರೆ ಒಳಗಿನ ರಿಂಗು, ಪಿಸ್ಟನ್‌ಗಳು ಮುರಿಯುವ ಭಯ. ಚಾಚಾ ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಸುರಿದು ಹತ್ತು ದಿನ ಹಾಗೆಯೇ ಬಿಟ್ಟರು. ಹನ್ನೊಂದನೆಯ ದಿನ ಮುಂದಿನ ಹ್ಯಾಂಡಲ್ ಹಾಕಿ ಕೈಯಿಂದ ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸಿದರು. ಸಂಜೆಯ ಹೊತ್ತಿಗೆ ಅದು ಪೂರ್ತಿ ಒಂದು ಸುತ್ತು ತಿರುಗಿತು. ಅಮ್ಮೀ ಬಾಗಿಲಲ್ಲಿ ನಿಂತು ಅಲ್‌ಹಮ್ದುಲಿಲ್ಲಾಹ್ ಎಂದರಂತೆ.

ಅಡುಗೆಮನೆಯೂ ಈ ಕೆಲಸದಲ್ಲಿ ಪಾಲು ಪಡೆಯಿತು. ತುಕ್ಕು ಹಿಡಿದ ನೂರಾರು ನಟ್ಟು ಬೋಲ್ಟುಗಳನ್ನು ಏನು ಮಾಡುವುದು ಎಂದು ತಮ್ಮ ಚಿಂತಿಸುತ್ತಿದ್ದಾಗ ಅಮ್ಮೀ ಹುಣಸೆಹುಳಿ ಕಿವುಚಿ ಪ್ಲಾಸ್ಟಿಕ್ ಬುಟ್ಟಿ ತುಂಬಾ ನೀರು ಮಾಡಿ ಕೊಟ್ಟರು. ಹಿತ್ತಾಳೆ ಪಾತ್ರೆ ಬೆಳಗುವ ನಮಗೆ ಗೊತ್ತಿರುವ ವಿದ್ಯೆ ಇದು. ಹುಳಿಯಲ್ಲಿರುವ ಆಮ್ಲ ತುಕ್ಕನ್ನು ಕರಗಿಸುತ್ತದೆ. ಒಂದೆರಡು ದಿನ ನೆನೆಸಿ, ಬ್ರಷ್‌ನಿಂದ ಉಜ್ಜಿ, ಸೋಡಾ ಹಾಕಿದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಬೇಕು. ತೊಳೆದು ಹಾಗೆಯೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಯಾವ ಮರದ ಕೆಳಗೆ ಜೀಪು ತುಕ್ಕು ಹಿಡಿಯಿತೋ ಅದೇ ಮರದ ಹುಳಿಯಿಂದ ಆ ಬೋಲ್ಟುಗಳು ಮತ್ತೆ ಹೊಳೆದವು.

ಇನ್ನು ಬಿಡಿಭಾಗಗಳ ಮಾತು. ಇಷ್ಟು ಹಳೆಯ ಬಂಡಿಗೆ ಎಲ್ಲವೂ ಹೊಸದಾಗಿ ಸಿಗುವುದಿಲ್ಲ. ತಮ್ಮ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಸುತ್ತಿದ. ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಿಗೂ ಹೋಗಿ ಬಂದ. ಅಲ್ಲಿ ಒಡೆದ ವಾಹನಗಳ ಒಂದೊಂದು ಅಂಗವನ್ನೂ ಬಿಡಿಸಿ ಮಾರುತ್ತಾರೆ. ಈ ಕಸುಬಿನಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಚಾಚಾ ಅವನಿಗೆ ಎರಡು ಪಟ್ಟಿ ಬರೆಸಿ ಕಳಿಸಿದ್ದರು. ಬಾಗಿಲು, ಸೀಟಿನ ಚೌಕಟ್ಟು, ದೀಪದ ಬಳೆ, ಚಕ್ರದ ಡಿಸ್ಕು, ಗೇರ್‌ಬಾಕ್ಸಿನ ಹೊರಕವಚ ಇವನ್ನು ಹಳೆಯದೇ ತರಬಹುದು. ಬ್ರೇಕಿನ ರಬ್ಬರು, ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಸ್ಟೇರಿಂಗಿನ ಕೀಲುಗಳು, ಟೈರುಗಳು ಇವನ್ನು ಎಷ್ಟೇ ದುಬಾರಿಯಾದರೂ ಹೊಸದೇ ಕೊಳ್ಳಬೇಕು. "ಹೆಣ್ಮಕ್ಕಳು, ಕೂಸು ಕುಂದರೂ ಬಂಡಿ. ನಿಲ್ಲೂ ಸಾಮಾನಿನಾಗ ಉಳಿತಾಯ ಮಾಡಬ್ಯಾಡ" ಎಂದಿದ್ದರು. ಹಳೆಯ ಪೆಟ್ರೋಲ್ ಟಾಕಿಗೆ ತೂತು ಬಿದ್ದಿತ್ತು. ಒಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ ವೆಲ್ಡಿಂಗ್ ಕಿಡಿಗೆ ಟಾಕಿ ಸಿಡಿದು ಜೀವ ಹೋಗುತ್ತದೆ. ಆದ್ದರಿಂದ ಅದಕ್ಕೆ ವೆಲ್ಡಿಂಗ್ ಮಾಡಲು ಬಿಡದೆ ಬೇರೆ ಟಾಕಿಯನ್ನೇ ತರಿಸಿದರು.

ಒಂದು ಕಡೆ ತಮ್ಮನಿಗೆ ಇದೇ ಜಾತಿಯ ಇಂಜಿನ್ ಬಹಳ ಅಗ್ಗಕ್ಕೆ ಸಿಕ್ಕಿತಂತೆ. ಬೆಲೆ ಕೇಳಿ ಕುಣಿದಾಡಿಬಿಟ್ಟ. ಫೋಟೋ ನೋಡಿದ ಚಾಚಾ ಮೊದಲು ಕೇಳಿದ್ದು ನಂಬರಿನ ಬಗ್ಗೆ. ನಂಬರಿನ ಜಾಗವನ್ನು ಯಾರೋ ಉಜ್ಜಿ ನಯ ಮಾಡಿದ್ದರು. "ನಂಬರ್ ಯಾಕ ತಿಕ್ಕ್ಯಾರ? ಯಾರದೋ ಮನೀ ಮುಂದಿಂದ ಹೋದ ಬಂಡಿದು ಇರಬೇಕು. ಹಂಗಾದ್ರ ಆ ಮನ್ಯಾಗೂ ಒಬ್ಬಾಕಿ ತಾಯಿ ಅತ್ತಿರ್ತಾಳ" ಎಂದು ಫೋನ್ ಇಟ್ಟರಂತೆ. ತಮ್ಮ ಅದನ್ನು ಬಿಟ್ಟು ಬಂದ. ಕದ್ದ ಮಾಲು ಎಂದು ತಿಳಿದೂ ಕೊಳ್ಳುವುದು ಕಾನೂನಿನಲ್ಲಿ ಅಪರಾಧ. ದೀನಿನಲ್ಲಿಯೂ ಅದು ಹಲಾಲ್ ಅಲ್ಲ. ಇಂಜಿನ್ ಬದಲಿಸಿದರೆ ನೋಂದಣಿ ಕಚೇರಿಯ ಒಪ್ಪಿಗೆ ಬೇಕೇ ಬೇಕು. ನಂಬರಿಲ್ಲದ ಇಂಜಿನಿಗೆ ಯಾವ ಕಚೇರಿಯೂ ಒಪ್ಪಿಗೆ ಕೊಡುವುದಿಲ್ಲ. ಕೊನೆಗೆ ಅಬ್ಬಾರ ಇಂಜಿನನ್ನೇ ಬಿಚ್ಚಿ ಸರಿಪಡಿಸಿದರು.

ತಗಡಿನ ಕೆಲಸದಲ್ಲಿಯೂ ಹೀಗೆಯೇ. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದೇ ವಾರದ ಕೆಲಸ. ನೋಡಲೂ ಅಂದ. ಆದರೆ ಪುಟ್ಟಿಯ ಕೆಳಗೆ ತೇವ ಸಿಕ್ಕಿಕೊಂಡು ತುಕ್ಕು ಒಳಗೊಳಗೇ ಹಬ್ಬುತ್ತದೆ. ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಂತೆ ಬರುತ್ತದೆ. ಕೆಟ್ಟ ತಗಡನ್ನು ಕತ್ತರಿಸಿ ತೆಗೆದು, ಗುಜರಿಯಿಂದ ತಂದ ಗಟ್ಟಿ ತಗಡನ್ನು ಬೆಸೆದು, ಉಳಿದ ತುಕ್ಕನ್ನು ವೈರ್ ಬ್ರಷ್‌ನಿಂದ ಬೆಳ್ಳಗಾಗುವ ತನಕ ಉಜ್ಜಿ, ಮೇಲೆ ರೆಡ್ ಆಕ್ಸೈಡ್ ಹಚ್ಚಿ, ಆಮೇಲೆಯೇ ಬಣ್ಣ. ನಮ್ಮ ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ತೊಟ್ಟಿಲು ಮಾಡುವ ಚಿತ್ರಗಾರರು ಕೂಡ ಮರವನ್ನು ನಯಗೊಳಿಸದೆ ಅರಗಿನ ಬಣ್ಣ ಮುಟ್ಟುವುದಿಲ್ಲ. ಕೆಲಸ ಬಲ್ಲವರ ದಾರಿ ಎಲ್ಲೆಡೆ ಒಂದೇ.

ಪ್ರವಾದಿ(ಸ)ರವರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹಳೆಯದನ್ನು ದುರಸ್ತಿ ಮಾಡಿ ಬಳಸುವುದು ಬಡತನದ ಗುರುತಲ್ಲ, ಸುನ್ನತ್. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆ ಕಾಳನ್ನು ಕೆಳಗೆ ಮುಚ್ಚಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಮಾರುವವನೂ ಆ ವ್ಯಾಪಾರಿಯ ಸಾಲಿನವನೇ.

ಇನ್ನು ಆ ಕಾಗದದ ಮಾತಿಗೆ ಬರುತ್ತೇನೆ.

ಜೀಪಿನ ನೋಂದಣಿ ಪತ್ರ ಇನ್ನೂ ಅಬ್ಬಾರ ಹೆಸರಿನಲ್ಲಿಯೇ ಇತ್ತು. ಮಾಲಕರು ತೀರಿಕೊಂಡರೆ ವಾಹನ ಪಡೆಯುವ ವಾರಸುದಾರರು ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಹದಿಮೂರು ವರ್ಷ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಬಂಡಿಗಳಿಗಾಗಿ 2021ರಲ್ಲಿ ಕೇಂದ್ರ ಸರಕಾರ ಬೇರೆ ನಿಯಮ ತಂದಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಮ್ಮನಿಗೆ ಹೊಲಕ್ಕೆ ಹೋಗುವ ಬಂಡಿ ಬೇಕಿತ್ತು. ಹಾಗಾಗಿ ಹೆಸರು ಬದಲಾವಣೆ, ನವೀಕರಣದ ದಾರಿ ಹಿಡಿದ. ಅದಕ್ಕೆ ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಬೇಕು. ನನ್ನ ಮುಂದಿದ್ದದ್ದು ಅದೇ. ಈ ವಾಹನದಲ್ಲಿ ನನಗೆ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ನಾನು ಅದನ್ನು ಓದದೆಯೇ ಸಹಿ ಹಾಕುತ್ತಿದ್ದೆ. ಮದ್ರಸದಲ್ಲಿ ಹುಡುಗಿಯರಿಗೆ ಅನ್ನಿಸಾ ಅಧ್ಯಾಯ ಕಲಿಸುವವಳು ನಾನು. ತಂದೆ ತಾಯಿ ಬಿಟ್ಟು ಹೋದದ್ದು ಕಡಿಮೆಯಿರಲಿ ಹೆಚ್ಚಿರಲಿ, ಅದರಲ್ಲಿ ಗಂಡಿಗೂ ಹೆಣ್ಣಿಗೂ ನಿಗದಿಯಾದ ಪಾಲಿದೆ ಎಂದು ಅದರ 7ನೆಯ ಸೂಕ್ತ ಸಾರುವುದನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಆ ಕ್ಷಣ ನನಗೆ ಅನ್ನಿಸಿದ್ದು, ಹಳೆಯ ಕಬ್ಬಿಣಕ್ಕೆ ಪಾಲು ಕೇಳುವುದೇ, ತವರಿನ ದಾರಿ ಮುಚ್ಚಿಕೊಳ್ಳುವುದೇ ಎಂದಷ್ಟೇ.

ಕೇಳಿದವಳು ನನ್ನ ತಂಗಿ. ಮುಂಡಗೋಡಿಗೆ ಕೊಟ್ಟ ಹುಡುಗಿ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಹೊಲಿಗೆ ಮೆಶಿನ್‌ನಿಂದ ಮಕ್ಕಳನ್ನು ಓದಿಸುತ್ತಿದ್ದಾಳೆ. ಈ ಜೀಪಿನ ಸೀಟುಗಳಿಗೆ ಹೊದಿಕೆ ಹೊಲಿದದ್ದೂ ಅವಳೇ. "ಭಾಯಿ, ಸಹಿ ಹಾಕ್ತೀನಿ. ಆದರ ಇದರಾಗ ನಂದು ಏನೂ ಇಲ್ಲ ಅಂತ ಬರದೀಯಲ್ಲ, ಖರೇನ ಏನೂ ಇಲ್ಲನು?" ಎಂದು ಮೆತ್ತಗೆ ಕೇಳಿದಳು.

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡ ತಮ್ಮ ಎದ್ದು ಹೊರಗೆ ಹೋದ. ಸಣ್ಣವನ ಮುಖ ಕೆಂಪಾಯಿತು. "ನಾ 1,86,000 ಸುರದೀನಿ. ಆವಾಗ ಯಾರೂ ಬರಲಿಲ್ಲ. ಈಗ ಹೊಳಿಯೂದು ಕಂಡು ಪಾಲು ಕೇಳ್ತೀರೇನು?" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಇಂಜಿನಿಗೆ 52,000, ತಗಡಿನ ಕೆಲಸಕ್ಕೆ 48,000, ಟೈರು ಬ್ರೇಕಿಗೆ 38,000, ಬಣ್ಣಕ್ಕೆ 30,000, ಸೀಟು, ವೈರಿಂಗ್, ಹೊದಿಕೆಗೆ 18,000 ಎಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಅಮ್ಮೀ ಆ ಬುಕ್ಕನ್ನು ನನ್ನಿಂದ ಓದಿಸಿ ಕೇಳಿದರು. ಕೇಳಿ ಮುಗಿದ ಮೇಲೆ, "ಸೀಟು ಹೊಲದ ಕೂಲಿ ಎಲ್ಲೈತಿ?" ಎಂದರು. ಅದು ಎಲ್ಲಿಯೂ ಇರಲಿಲ್ಲ.

ನಾಚಿಕೆಯಾದದ್ದು ಅವನಿಗಲ್ಲ, ನನಗೆ. ಓದಿದವಳು ನಾನು, ಬಾಯಿ ಬಿಟ್ಟವಳು ಅವಳು. ಆ ರಾತ್ರಿ ನನಗೆ ನೆನಪಾದದ್ದು ಮುತಫ್ಫಿಫೀನ್ ಅಧ್ಯಾಯ. ಅಳತೆ ತೂಕದಲ್ಲಿ ಮೋಸ ಮಾಡುವವರ ಮಾತಿನಿಂದ ಅದು ಆರಂಭವಾಗುತ್ತದೆ. ಮನುಷ್ಯರ ಕರ್ಮಗಳಿಂದ ಅವರ ಹೃದಯಕ್ಕೆ ತುಕ್ಕು ಹತ್ತುತ್ತದೆ ಎಂಬ ಮಾತು ಬರುವುದೂ ಅದೇ ಅಧ್ಯಾಯದ 14ನೆಯ ಸೂಕ್ತದಲ್ಲಿ. ಎಷ್ಟೋ ವರ್ಷ ಅದನ್ನು ಕಲಿಸಿದ್ದೆ. ತೂಕಕ್ಕೂ ತುಕ್ಕಿಗೂ ಇರುವ ಸಂಬಂಧ ಅಂದು ಮನಸ್ಸಿಗೆ ನಾಟಿತು. ಪರರ ಪಾಲನ್ನು ತಿಂದವನಿಗೆ ಮಾತ್ರ ತುಕ್ಕು ಹಿಡಿಯುತ್ತದೆ ಎಂದಲ್ಲ. ಸತ್ಯ ಗೊತ್ತಿದ್ದೂ ಸಂಬಂಧ ಕೆಡಬಾರದೆಂದು ಬಾಯಿ ಮುಚ್ಚಿಕೊಂಡವರೂ ಪುಟ್ಟಿ ಮೆತ್ತುವ ಕೆಲಸವನ್ನೇ ಮಾಡುತ್ತಿರುತ್ತಾರೆ.

ಮರುದಿನ ಫಜ್ರ್ ನಮಾಝಿನ ನಂತರ ಎಲ್ಲರೂ ಕುಳಿತೆವು. ಸರಿಪಡಿಸುವ ಮೊದಲು ಗುಜರಿಯವನು ಹೇಳಿದ್ದ 24,000 ರೂಪಾಯಿಯನ್ನೇ ಅಬ್ಬಾ ಬಿಟ್ಟುಹೋದ ಬೆಲೆ ಎಂದು ಎಲ್ಲರೂ ಒಪ್ಪಿದೆವು. ತಮ್ಮ ಸುರಿದ ಹಣ, ಪಟ್ಟ ಶ್ರಮ ಅವನದೇ ಎಂದಾಯಿತು. ಲೆಕ್ಕ ಸುಲಭ. ಎಂಟನೆಯ ಒಂದು ಪಾಲು, ಅಂದರೆ 3,000 ಅಮ್ಮೀಗೆ. ಉಳಿದ 21,000ದಲ್ಲಿ ತಮ್ಮಂದಿರಿಗೆ ತಲಾ 7,000, ನಮ್ಮಿಬ್ಬರಿಗೆ ತಲಾ 3,500. ತಂಗಿಯ ಹೊಲಿಗೆಯ ಕೂಲಿ ಬೇರೆ. ಹಣ ಎಲ್ಲರ ಕೈಗೆ ಬಂತು. ಅಮ್ಮೀ ತಮ್ಮ 3,000ವನ್ನು ಹಿಡಿದು ನೋಡಿ ಸಣ್ಣವನ ಕಿಸೆಗೆ ಹಾಕಿದರು. ನಾನೂ ನನ್ನದನ್ನು ಅವನಿಗೇ ಕೊಟ್ಟೆ. ತಂಗಿ ತನ್ನದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಅವಳು ಮಾಡಿದ್ದೂ ಸರಿ, ನಾವು ಮಾಡಿದ್ದೂ ಸರಿ. ಹಕ್ಕು ಕೈಗೆ ಬಂದ ಮೇಲೆ ಬಿಟ್ಟುಕೊಟ್ಟರೆ ಅದು ಉಡುಗೊರೆ. ಕೈಗೆ ಬರುವ ಮೊದಲೇ ಸಹಿ ಮಾಡಿಸಿಕೊಂಡರೆ ಅದಕ್ಕೆ ಉಡುಗೊರೆ ಎಂಬ ಹೆಸರು ಸಲ್ಲದು.

ಎಲ್ಲವೂ ಅಂದೇ ಸರಿಹೋಯಿತು ಎಂದು ಹೇಳಲಾರೆ. ದೊಡ್ಡ ತಮ್ಮ ಒಂದು ತಿಂಗಳು ತಂಗಿಗೆ ಫೋನ್ ಮಾಡಲಿಲ್ಲ. ಆದರೆ ಬಕ್ರೀದ್‌ಗೆ ಅವಳನ್ನು ಮುಂಡಗೋಡಿನಿಂದ ಕರೆತರಲು ಹೋದದ್ದು ಅದೇ ಜೀಪು. ಓಡಿಸಿದವನು ಸಣ್ಣ ತಮ್ಮ, ಪಕ್ಕದಲ್ಲಿ ಕುಳಿತು ಹೋದವನು ದೊಡ್ಡವನು.

ಸಹೋದರಿಯರೇ, ನಿಮ್ಮ ತವರಿನ ಅಂಗಳದಲ್ಲೂ ಇಂಥದ್ದೊಂದು ನಿಂತಿರಬಹುದು. ಜೀಪು ಇರಬಹುದು, ಟ್ರ್ಯಾಕ್ಟರ್ ಇರಬಹುದು, ಒಂದು ಹೊಲಿಗೆ ಮೆಶಿನ್ ಇರಬಹುದು. ಯಾರಾದರೂ ಅದನ್ನು ಸರಿಪಡಿಸಲು ಮುಂದಾದರೆ ತಡೆಯಬೇಡಿ, ಹುಣಸೆಹುಳಿ ಕಿವುಚಿ ಕೊಡಿ. ಆದರೆ ಸುತ್ತಿಗೆ ಮುಟ್ಟುವ ಮೊದಲೇ ಅದರ ಬೆಲೆ ಕಟ್ಟಿಸಿ ಬರೆದಿಡಿ. ಖರ್ಚು ಯಾರದು, ಆಮೇಲೆ ಬಂಡಿ ಯಾರದು ಎಂಬುದು ಎಲ್ಲರಿಗೂ ಗೊತ್ತಿರಲಿ. ಸಂಶಯವಿದ್ದರೆ ಬಲ್ಲ ಉಲಮಾಗಳನ್ನು ಕೇಳಿ. ತೀರಿಕೊಂಡವರ ಹೆಸರಿನ ಕಾಗದಗಳನ್ನು ವರ್ಷಗಟ್ಟಲೆ ಹಾಗೆಯೇ ಬಿಡಬೇಡಿ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ, ತಮ್ಮ ತಂದ ಕಾಗದಕ್ಕೂ.

ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಹದೀದ್, ಅಂದರೆ ಕಬ್ಬಿಣ ಎಂದೇ ಹೆಸರು. ಅದರ 25ನೆಯ ಸೂಕ್ತದಲ್ಲಿ ಕಬ್ಬಿಣದ ಬಲ ಮತ್ತು ಅದರಿಂದ ಜನರಿಗಾಗುವ ಉಪಯೋಗದ ಮಾತಿಗೆ ಮುನ್ನ, ಜನರು ನ್ಯಾಯದಲ್ಲಿ ನೆಲೆಗೊಳ್ಳಲೆಂದು ಇಳಿಸಿದ ತಕ್ಕಡಿಯ ಮಾತು ಬರುತ್ತದೆ. ನಮ್ಮ ಮನೆಯಲ್ಲಿ ಕಬ್ಬಿಣದ ಕೆಲಸ ಮೊದಲು ನಡೆಯಿತು, ತಕ್ಕಡಿ ಆಮೇಲೆ ಬಂತು. ನಿಮ್ಮ ಮನೆಯಲ್ಲಿ ತಕ್ಕಡಿ ಮೊದಲು ಬರಲಿ. ಅಲ್ಲಾಹನು ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ತುಕ್ಕಿನಿಂದ ಕಾಪಾಡಲಿ. ಆಮೀನ್.